ಎದೆಯ ಪೆಟ್ಟು, ಹೃದಯದ ಗಾಯ

ಯಾದಗಿರಿ ಜಿಲ್ಲೆಯಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ, ಶಹಾಪುರ-ಸುರಪುರ ದಾರಿಯಲ್ಲಿ ಕತ್ತಲಾದ ಮೇಲೆ ಸಂಚರಿಸಿದವರಿಗೆ ಹಿಂದೀಪವಿಲ್ಲದ ಟ್ರ್ಯಾಲಿಯ ಭಯ ತಿಳಿಯದ್ದಲ್ಲ. ನಿಂತಿದ್ದ ಅಂಥದೊಂದಕ್ಕೆ ಮೋಟಾರು ಸೈಕಲ್ಲು ಗಂಟೆಗೆ 36 ಕಿಲೋಮೀಟರು ವೇಗದಲ್ಲಿ ತಾಗಿತೆನ್ನೋಣ. ಇದು ಸೆಕೆಂಡಿಗೆ 10 ಮೀಟರು. ಐದು ಮೀಟರು ಎತ್ತರದ ಮಾಳಿಗೆಯಿಂದ ಬಿದ್ದವನು ನೆಲ ಮುಟ್ಟುವಾಗಿನ ವೇಗವೂ ಇಷ್ಟೇ. ಸವಾರನ ಎದೆ 10 ಸೆಂಟಿಮೀಟರಿನೊಳಗೆ ನಿಂತರೆ, ವೇಗ ಕುಗ್ಗುವ ದರ ಗುರುತ್ವದ ಸುಮಾರು 50 ಪಟ್ಟು. ಒಳಗಿನ ಹೃದಯವಾದರೋ ನ್ಯೂಟನ್ನನ ಮೊದಲ ನಿಯಮದಂತೆ ಮುಂದಕ್ಕೇ ಸಾಗುತ್ತದೆ. 300 ಗ್ರಾಂ ತೂಕದ ಆ ಅಂಗ 15 ಕಿಲೋಗ್ರಾಂ ಭಾರದಂತೆ ಎದೆಯೆಲುಬನ್ನು ಒತ್ತುತ್ತದೆ. ಎಲುಬಿನ ಹಿಂದೆಯೇ ಇರುವ ಬಲ ಹೃತ್ಕುಕ್ಷಿಯೇ ಹೆಚ್ಚಾಗಿ ಜಜ್ಜುವುದು ಇದರಿಂದ.

ಚರ್ಮ ಹರಿಯದಿರಬಹುದು. ತರುಣರ ಪಕ್ಕೆಲುಬು ಬಳುಕುವುದರಿಂದ, ತಾನು ಮುರಿಯದೆ ಪೆಟ್ಟನ್ನು ಒಳಕ್ಕೆ ದಾಟಿಸುವುದೂ ಉಂಟು. ಮೂಳೆ ಮುರಿದಿಲ್ಲವೆಂದು ಅರಿಸಿನ ಹಚ್ಚಿ ಮಲಗಿಸುವವರ ಸಮಾಧಾನವನ್ನು ನಾವು ಒಪ್ಪಲಾರೆವು.

ರೋಗನಿರ್ಣಯಕ್ಕೆ ವೈದ್ಯರು ಮೊದಲು ನೆಚ್ಚುವುದು ಎರಡು ಪರೀಕ್ಷೆಗಳನ್ನು. ಇ.ಸಿ.ಜಿ. ಹೃದಯದ ವಿದ್ಯುತ್ ಸಂಚಾರವನ್ನು ಕಾಗದದ ಮೇಲೆ ಬರೆಯುತ್ತದೆ. ಸ್ನಾಯುಕೋಶಗಳು ಒಡೆದಾಗ ರಕ್ತಕ್ಕೆ ಸೋರುವ ಟ್ರೋಪೋನಿನ್ ಎಂಬ ಪ್ರೋಟೀನನ್ನು ಇನ್ನೊಂದು ಅಳೆಯುತ್ತದೆ. ಇದು ಏರಲು ಕೆಲವು ಗಂಟೆಗಳು ಹಿಡಿಯುವುದರಿಂದ ಮತ್ತೊಮ್ಮೆ ನೋಡುವುದುಂಟು. ಎರಡೂ ಸರಿಯಿದ್ದರೆ ಗಣನೀಯ ಗಾಯವಿಲ್ಲವೆಂದು ಬಹುಮಟ್ಟಿಗೆ ನಂಬಬಹುದು. ಒಂದರಲ್ಲಿ ದೋಷ ಕಂಡರೂ ರೋಗಿಯನ್ನು ಆಸ್ಪತ್ರೆಯಲ್ಲಿಟ್ಟು ಮಿಡಿತವನ್ನು ಕಾಯಬೇಕು. ಜಜ್ಜಿದ ಸ್ನಾಯುವಿಗೆ ನೇರವಾದ ಮದ್ದಿಲ್ಲ. ವಿಶ್ರಾಂತಿ, ಕಾವಲು, ಲಯ ತಪ್ಪಿದರೆ ಔಷಧ. ರಕ್ತದೊತ್ತಡ ಕುಸಿದರೆ ಶ್ರವಣಾತೀತ ತರಂಗಗಳಿಂದ ಚಿತ್ರ ಮೂಡಿಸುವ ಎಕೋ ಪರೀಕ್ಷೆ ಬೇಕು. ಹೃದಯದ ಹೊರಚೀಲದಲ್ಲಿ ರಕ್ತ ತುಂಬಿ ಹೃದಯವನ್ನು ಅದುಮುತ್ತಿದ್ದರೆ ಅದನ್ನು ಕೂಡಲೇ ಹೊರತೆಗೆಯಬೇಕಾಗುತ್ತದೆ.

ಗಾಯವೇ ಇಲ್ಲದೆ ಹೃದಯ ನಿಲ್ಲುವ ವಿಚಿತ್ರವೂ ಇದೆ. ಗಟ್ಟಿ ಚೆಂಡೊಂದು ಎದೆಗೆ ಬಡಿದು ಹುಡುಗ ಕುಸಿಯುತ್ತಾನೆ. 1998ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗಗಳಲ್ಲಿ, ಎಳೆಯ ಹಂದಿಗಳ ಇ.ಸಿ.ಜಿ.ಯ 'ಟಿ' ಅಲೆಯ ಶಿಖರಕ್ಕೆ 15ರಿಂದ 30 ಮಿಲಿಸೆಕೆಂಡು ಮೊದಲು ಬಿದ್ದ ಪೆಟ್ಟು ಮಿಡಿತವನ್ನು ಬರಿಯ ಅದುರಾಟವಾಗಿಸಿತು. ಇಲ್ಲಿ ಪೆಟ್ಟಿನ ಬಲದಷ್ಟೇ ಅದು ಬಿದ್ದ ಗಳಿಗೆಯೂ ಮುಖ್ಯ. 2023ರ ಜನವರಿ 2ರಂದು ಅಮೆರಿಕದ ಫುಟ್‌ಬಾಲ್ ಆಟಗಾರ ಡಮಾರ್ ಹ್ಯಾಮ್ಲಿನ್ ಹೀಗೆಯೇ ಮೈದಾನದಲ್ಲಿ ಕುಸಿದರು. ಒಡನೆಯೇ ಎದೆಯೊತ್ತಿ, ವಿದ್ಯುತ್ ಆಘಾತ ಕೊಟ್ಟುದರಿಂದ ಬದುಕಿ, ಅದೇ ವರ್ಷ ಮತ್ತೆ ಆಡಿದರು.

ಸುರಪುರದಿಂದ ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಗೆ ಸುಮಾರು ನೂರು ಕಿಲೋಮೀಟರು. ಜಜ್ಜಿದ ಹೃದಯಕ್ಕೆ ಆ ಪ್ರಯಾಣದ ಅವಕಾಶ ಸಿಕ್ಕೀತು, ಕುಸಿದವನಿಗೆ ಸಿಗದು. 108ಕ್ಕೆ ಕರೆಮಾಡಿ, ವಾಹನ ಬರುವವರೆಗೆ ಎದೆಯ ನಡುವೆ ಅಂಗೈಗಳನ್ನೂರಿ, ನಿಮಿಷಕ್ಕೆ 100ರಿಂದ 120 ಬಾರಿ, ಐದಾರು ಸೆಂಟಿಮೀಟರು ಆಳಕ್ಕೆ ಒತ್ತುತ್ತಿರಬೇಕು.