ಕುರಿಗಾರ ನಿಲ್ಲುವ ಜಾಗ

ಆನ್‌ಲೈನ್ ಆಟಗಳಲ್ಲಿ ಯೋಧ, ಮಾಂತ್ರಿಕರ ಸಾಲಿನಲ್ಲೇ ಪ್ರಾಣಿ ಪಳಗಿಸುವವನೂ ಇರುತ್ತಾನೆ. 1997ರಲ್ಲಿ ಬಂದ ‘ಅಲ್ಟಿಮಾ ಆನ್‌ಲೈನ್’ನಲ್ಲಿ ಪಳಗಿಸುವುದು ಕಲಿತು ಬೆಳೆಸಿಕೊಳ್ಳಬೇಕಾದ ವಿದ್ಯೆ. ‘ಮೈನ್‌ಕ್ರಾಫ್ಟ್’ನಲ್ಲಿ ಮೂಳೆ ಕೊಡುತ್ತಾ ಹೋದರೆ ಕಾಡಿನ ತೋಳ ಬಾಲ ಅಲ್ಲಾಡಿಸುತ್ತಾ ಹಿಂದೆ ಬರುತ್ತದೆ. ಇಂಥ ಪಾತ್ರವನ್ನು ಹೊಸದಾಗಿ ಕಟ್ಟಲು ಹೊರಟವರು ಮೊದಲು ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿಗೆ ಹೋಗಿ, ಒಂದು ದಿನ ಕುರಿಗಾರನ ಹಿಂದೆ ನಡೆಯಬೇಕು.

ಮಳೆ ಕಡಿಮೆಯಾದ, ಕನ್ನಡ ಮರಾಠಿ ಎರಡೂ ಆಡುವ ಈ ಸೀಮೆಯಲ್ಲಿ ಮಾಡಗ್ಯಾಳ ಎಂಬ ಊರಿದೆ. ಆ ಊರಿನ ಹೆಸರನ್ನೇ ಹೊತ್ತ ಕುರಿತಳಿ ದೂರದಿಂದಲೇ ಗುರುತು ಸಿಗುತ್ತದೆ: ಎತ್ತರದ ನಿಲುವು, ಬಿಳಿ ಮೈಮೇಲೆ ಕಂದು ಮಚ್ಚೆ, ಜೋತುಬಿದ್ದ ಉದ್ದ ಕಿವಿ, ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು.

ಹಿಂಡು ಹೊಲದ ಬದುವಿನತ್ತ ವಾಲಿದಾಗ ಕುರಿಗಾರನ ಕಾಲುಗಳನ್ನು ನೋಡಿ. ಕುರಿಯ ಭುಜಕ್ಕಿಂತ ಹಿಂದೆ ನಿಂತು ಹತ್ತಿರವಾದರೆ ಅದು ಮುಂದಕ್ಕೆ ಹೋಗುತ್ತದೆ. ಎರಡು ಹೆಜ್ಜೆ ಹಾಕಿ ಭುಜ ದಾಟಿ ಮುಂದೆ ಬಂದರೆ ತಿರುಗಿಕೊಳ್ಳುತ್ತದೆ. ಕೋಲು ಹೆಗಲ ಮೇಲೇ ಇರುತ್ತದೆ.

ಇದರ ಹಿಂದೆ ಒಂದು ಲೆಕ್ಕವಿದೆ. ಬೇಟೆಗೆ ಸಿಗುವ ಪ್ರತಿ ಪ್ರಾಣಿಯೂ ತನ್ನ ಸುತ್ತ ಕಣ್ಣಿಗೆ ಕಾಣದ ಗೆರೆ ಎಳೆದುಕೊಂಡಿರುತ್ತದೆ. ಅದರೊಳಗೆ ಕಾಲಿಟ್ಟರೆ ಓಡುತ್ತದೆ, ಹೊರಗಿದ್ದರೆ ನಿಂತು ನೋಡುತ್ತದೆ. ಸ್ವಿಸ್ ಪ್ರಾಣಿವಿಜ್ಞಾನಿ ಹೈನಿ ಹೆಡಿಗರ್ ಈ ‘ಓಟದ ಅಂತರ’ವನ್ನು ವಿವರಿಸಿದರು. ಪಳಗುವುದೆಂದರೆ ಈ ವರ್ತುಲ ದಿನದಿನಕ್ಕೆ ಕುಗ್ಗುವುದು. ಬಾಟಲಿ ಹಾಲು ಕುಡಿದು ಬೆಳೆದ ತಬ್ಬಲಿ ಮರಿಗೆ ವರ್ತುಲವೇ ಉಳಿದಿರುವುದಿಲ್ಲ. ಅದು ಸಾಕಿದವರ ಕಾಲಿಗೇ ತೊಡರಿಕೊಂಡು ಓಡಾಡುತ್ತದೆ.

ಕುರಿಗೆ ಬುದ್ಧಿಯಿಲ್ಲ ಎನ್ನುವುದು ನಮ್ಮ ತಪ್ಪು ತಿಳಿವಳಿಕೆ. ಐವತ್ತು ಕುರಿಗಳ ಮುಖಗಳನ್ನು ಒಂದು ಕುರಿ ಎರಡು ವರ್ಷದವರೆಗೂ ನೆನಪಿಟ್ಟುಕೊಳ್ಳುತ್ತದೆ ಎಂದು 2001ರಲ್ಲಿ ಬ್ರಿಟನ್ನಿನ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು ತೋರಿಸಿದರು. 2017ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ, ದಿನಾ ನೋಡಿಕೊಳ್ಳುವವರ ಫೋಟೋವನ್ನು ಮೊದಲ ಸಲ ತೋರಿಸಿದಾಗಲೂ ಕುರಿಗಳು ಅಪರಿಚಿತರ ಫೋಟೋ ಬಿಟ್ಟು ಹೆಚ್ಚಿನ ಸಲ ಅದನ್ನೇ ಆರಿಸಿಕೊಂಡವು. ಕುರಿಗಾರ ತನ್ನ ಕುರಿಗಳನ್ನು ಒಂದೊಂದಾಗಿ ಗುರುತಿಸುವಂತೆ, ಕುರಿಗಳೂ ಅವನ ಮುಖವನ್ನು ಗುರುತಿಟ್ಟುಕೊಂಡಿರುತ್ತವೆ.

ಆಟಗಳು ಮರೆಯುವ ಇನ್ನೊಂದು ಸಂಗತಿ ವಂಶದ್ದು. ಒಂದು ಪ್ರಾಣಿಯನ್ನು ಪಳಗಿಸುವುದು ಬೇರೆ, ಒಂದು ಕುಲವನ್ನೇ ಸಾಕುಪ್ರಾಣಿಯಾಗಿಸುವುದು ಬೇರೆ. 1959ರಲ್ಲಿ ಸೈಬೀರಿಯಾದ ನೊವೊಸಿಬಿರ್ಸ್ಕ್‌ನಲ್ಲಿ ದ್ಮಿತ್ರಿ ಬೆಲ್ಯಾಯೆವ್ ಬೆಳ್ಳಿನರಿಗಳ ಪ್ರಯೋಗ ಶುರು ಮಾಡಿದರು. ಪ್ರತಿ ಪೀಳಿಗೆಯಲ್ಲೂ ಮನುಷ್ಯರಿಗೆ ಕಡಿಮೆ ಹೆದರುವ ಮರಿಗಳನ್ನಷ್ಟೇ ಆರಿಸಿ ಮುಂದಿನ ಸಂತಾನಕ್ಕೆ ಉಳಿಸಿಕೊಂಡರು. ಕೆಲವೇ ಪೀಳಿಗೆಗಳಲ್ಲಿ ಬಾಲ ಅಲ್ಲಾಡಿಸುವ, ಕೈ ನೆಕ್ಕುವ ನರಿಗಳು ಹುಟ್ಟಿದವು. ಕೆಲವಕ್ಕೆ ಕಿವಿ ಜೋತವು, ಮೈಮೇಲೆ ಬಿಳಿ ಮಚ್ಚೆ ಮೂಡಿತು. ಕುರಿಯ ವಿಷಯದಲ್ಲಿ ಇಂಥ ಆಯ್ಕೆ ಪಶ್ಚಿಮ ಏಷ್ಯಾದಲ್ಲಿ ಶುರುವಾಗಿ ಸುಮಾರು ಹತ್ತು ಸಾವಿರ ವರ್ಷಗಳಾಗಿವೆ. ಮಾಡಗ್ಯಾಳದ ಮರಿ ಆ ಹತ್ತು ಸಾವಿರ ವರ್ಷದ ಗಂಟನ್ನು ಹೊತ್ತೇ ಹುಟ್ಟುತ್ತದೆ. ತೋಳದ ಬಳಿ ಆ ಗಂಟಿಲ್ಲ. ಮೂಳೆ ಎಷ್ಟು ಕೊಟ್ಟರೂ ಅದು ನಾಯಿಯಾಗುವುದಿಲ್ಲ.

ಹಾಗಾಗಿ ಹೊಸ ಆಟ ಕಟ್ಟುವವರಿಗೆ ನನ್ನ ಕೋರಿಕೆ ಇಷ್ಟು: ಪಳಗಿಸುವವನ ಶಕ್ತಿಯನ್ನು ಅವನ ಕೈಗೆ ಕೊಡಬೇಡಿ, ಹೆಜ್ಜೆಗೆ ಕೊಡಿ. ಪ್ರತಿ ಪ್ರಾಣಿಗೂ ಒಂದು ವರ್ತುಲ, ಮುಖ ನೆನಪಿಡುವ ಶಕ್ತಿ, ತನ್ನದೇ ವಂಶದ ಚರಿತ್ರೆ ಇರಲಿ. ಒರಟಾಗಿ ನಡೆದುಕೊಂಡವನನ್ನು ಅದು ಮರೆಯದಿರಲಿ. ಜತ್ತದ ಕುರಿಗಾರ ಕುರಿ ತಿರುಗಿದ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಮಾತು ಕೇಳಿದ ಪ್ರಾಣಿಗೆ ಅವನು ಕೊಡುವ ಬಹುಮಾನ ಅದೇ. ಆ ಹೆಜ್ಜೆಯನ್ನು ಆಟದೊಳಗೆ ತಂದರೆ, ಆಡುವ ಮಕ್ಕಳು ನಿಜವಾದ ವಿದ್ಯೆಯನ್ನೇ ಕಲಿಯುತ್ತಾರೆ.