ಗಲಾಟೆ ಹೂವಿನ ತೌರುಮನೆ

ದಸರೆ ದೀಪಾವಳಿಗಳಲ್ಲಿ ನಮ್ಮ ದೇವರ ಹಿಪ್ಪರಗಿಯ ಕಡೆ ಮಾಲೆ ಕಟ್ಟುವವರಿಗೆ ಚೆಂಡುಹೂವಿನಂತೆಯೇ ಗಲಾಟೆ ಹೂವೂ ಬೇಕು. ಪರಿಮಳವಿಲ್ಲವೆಂದು ಅದನ್ನು ಹೀಗಳೆಯುವವರುಂಟು. ಅದರ ಚರಿತ್ರೆಯನ್ನು ಅರಿತರೆ ಈ ಅನಾದರ ಉಳಿಯಲಾರದೆಂದು ನನ್ನ ನಂಬಿಕೆ.

ಶಾಸ್ತ್ರದಲ್ಲಿ ಇದರ ಹೆಸರು ಗೈಲಾರ್ಡಿಯಾ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಗೈಯಾರ್ ಎಂಬ ಸಸ್ಯಪ್ರಿಯ ನ್ಯಾಯಾಧೀಶನ ಗೌರವಾರ್ಥವಾಗಿ ಇಟ್ಟ ಹೆಸರಿದು. ಅದೇ ನಮ್ಮ ಜನರ ನಾಲಗೆಯಲ್ಲಿ ಸವೆದು 'ಗಲಾಟೆ'ಯಾಗಿರಬೇಕೆಂದು ನನ್ನ ಊಹೆ. ಹೂವೇನೋ ಮೌನಿ!

ಇದರ ತೌರು ಉತ್ತರ ಅಮೆರಿಕದ ವಿಶಾಲವಾದ ಹುಲ್ಲುಬಯಲು. ಅಲ್ಲಿ 'ಅರಿಸ್ಟಾಟಾ' ಎಂಬ ಜಾತಿಯು ಬಹುವಾರ್ಷಿಕ. ಚಳಿಗಾಲದಲ್ಲಿ ಒಣಗಿದರೂ ಬೇರಿನಿಂದ ಮತ್ತೆ ಚಿಗುರುತ್ತದೆ. 1806ರ ಜುಲೈಯಲ್ಲಿ ಅನ್ವೇಷಕ ಮೆರಿವೆದರ್ ಲೂಯಿಸನು ಅದರ ಮಾದರಿಯನ್ನು ಸಂಗ್ರಹಿಸಿದನು. ನಮ್ಮ ಹೊಲಗಳಲ್ಲಿ ಹೆಚ್ಚಾಗಿರುವುದು ಅದರ ಒಡಹುಟ್ಟಾದ, ಒಂದೇ ವರ್ಷ ಬಾಳುವ 'ಪುಲ್ಚೆಲ್ಲಾ'.

ನಾವು ಒಂದು ಹೂವೆನ್ನುವುದು ವಾಸ್ತವವಾಗಿ ಹೂಗಳ ಒಂದು ಸಭೆ. ಅಂಚಿನಲ್ಲಿ ಎಸಳಿನಂತೆ ತೋರುವ ಒಂದೊಂದೂ ಒಂದು ಹೂವು; ಅದರ ತುದಿ ಮೂರಾಗಿ ಸೀಳಿರುತ್ತದೆ. ಇವು ದುಂಬಿಗಳನ್ನು ಕರೆಯುತ್ತವೆ, ಬೀಜ ಕಟ್ಟುವುದಿಲ್ಲ. ಬೀಜ ಕಟ್ಟುವ ಕಾರ್ಯ ನಡುವಿನ ಸಣ್ಣ ಹೂಗಳದು.

ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ ಬೀಳುವ ವಿಜಯಪುರ ಜಿಲ್ಲೆಗೆ ಇದು ಹೇಗೆ ಒಗ್ಗಿತು? ಎಲೆ ಕಾಂಡಗಳ ಮೇಲಿನ ನವಿರು ರೋಮಗಳು ಬಿಸಿಗಾಳಿಯನ್ನು ತಡೆದು ತೇವವನ್ನು ಉಳಿಸುತ್ತವೆ. ಬಿಸಿಲು ಅದಕ್ಕೆ ಹಿತ. ನೀರು ನಿಲ್ಲುವ ಎರೆಹೊಲ ಮಾತ್ರ ಸಲ್ಲದು, ಬಸಿದುಹೋಗುವ ಮಸಾರಿ ಭೂಮಿಯೇ ಲೇಸು. ಬಾವಿಯಲ್ಲಿ ಅಷ್ಟಿಷ್ಟು ನೀರಿರುವ ಸಣ್ಣ ರೈತನಿಗೆ ಹಬ್ಬದ ಕಾಲದಲ್ಲಿ ನಾಲ್ಕು ಕಾಸು ಕೈಸೇರುವುದು ಇದರಿಂದ. ಆದರೆ ಹಬ್ಬ ಮುಗಿದೊಡನೆ ಬೆಲೆ ಕುಸಿಯುತ್ತದೆ. ಕೊಯ್ದ ಹೂವು ಕಾಯುವುದಿಲ್ಲ.

ಪರದೇಶದ ಗಿಡವೆಂದು ಇದನ್ನು ದೂರಮಾಡಬೇಕೆ? ಮಾಲೆಯಲ್ಲಿ ಇದರ ಜೊತೆಗಿರುವ ಚೆಂಡುಹೂವೂ ಮೆಕ್ಸಿಕೋ ಕಡೆಯಿಂದ ಬಂದದ್ದೇ. ಹಾಗೆಂದು ಬಂದವರೆಲ್ಲ ಸಜ್ಜನರೆಂದೂ ಹೇಳಲಾಗದು. ಇದೇ ಸೂರ್ಯಕಾಂತಿ ಕುಟುಂಬಕ್ಕೆ ಸೇರಿದ, ಅಮೆರಿಕ ಮೂಲದ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಸ, 1955ರ ಸುಮಾರಿಗೆ ಪುಣೆಯಲ್ಲಿ ಕಾಣಿಸಿಕೊಂಡು ದೇಶವನ್ನೇ ವ್ಯಾಪಿಸಿತು. ಅದು ಬೆಳೆಯನ್ನು ಅದುಮುತ್ತದೆ, ಮೈಗೆ ತುರಿಕೆ ತರುತ್ತದೆ. ಗಲಾಟೆ ಹೂವಾದರೋ ಬಿತ್ತಿದಲ್ಲಿ ಬೆಳೆದು, ಕಿತ್ತಾಗ ಹೋಗುತ್ತದೆ.

ಒಂದೇ ಕುಲ, ಒಂದೇ ಖಂಡ. ನಡತೆ ಮಾತ್ರ ಬೇರೆ. ಗಿಡವನ್ನು ಅಳೆಯುವಾಗ ಅದು ಎಲ್ಲಿಂದ ಬಂತೆಂಬುದಕ್ಕಿಂತ, ಬಂದ ನೆಲದಲ್ಲಿ ನೆರೆಹೊರೆಗೆ ಎಷ್ಟು ಜಾಗ ಬಿಟ್ಟಿತೆಂಬುದನ್ನು ನೋಡುವುದೇ ಉಚಿತವಲ್ಲವೆ?