ಹಿಮದಲ್ಲಿ ಹೊಗೆ: ಹೈಸ್ಕೂಲಿನ ಬಾರ್ಬೆಕ್ಯೂ ಕ್ಲಬ್ ನಡೆಸುವ ಬಗೆ

ಅಮೆರಿಕದ ಟೆಕ್ಸಸ್‌ನಲ್ಲಿ ಎಷ್ಟೋ ಹೈಸ್ಕೂಲುಗಳಿಗೆ ತಮ್ಮದೇ ಬಾರ್ಬೆಕ್ಯೂ ತಂಡಗಳಿವೆ. ಶಾಲೆ ಶಾಲೆಗಳ ನಡುವೆ ಸ್ಪರ್ಧೆ ನಡೆಯುತ್ತದೆ. ಬ್ರಿಸ್ಕೆಟ್ ಎಂಬ ದನದ ಎದೆಮಾಂಸ, ಹಂದಿಯ ಪಕ್ಕೆಲುಬು, ಕೋಳಿ ಎಲ್ಲವನ್ನೂ ವಿದ್ಯಾರ್ಥಿಗಳೇ ಹೊಗೆಯಲ್ಲಿ ಬೇಯಿಸಬೇಕು. ಉತ್ತರದ ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆಯ ಮಕ್ಕಳಿಗೂ ಇದೇ ಆಸೆ ಹುಟ್ಟಬಹುದು. ಆದರೆ ಅಲ್ಲಿ ಶಾಲಾ ವರ್ಷದ ಹೆಚ್ಚುಕಡಿಮೆ ಅರ್ಧ ಚಳಿಯಲ್ಲೇ ಕಳೆಯುತ್ತದೆ. ಹಾಗೆಂದು ಕ್ಲಬ್ಬಿಗೆ ಬೀಗ ಹಾಕಬೇಕಿಲ್ಲ. ಬೆಂಕಿಯ ಸ್ವಭಾವ ಅರಿಯಲು ಚಳಿಗಾಲಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಜವಾಬ್ದಾರಿ ಹೊರುವ ಒಬ್ಬ ಶಿಕ್ಷಕರು, ಪ್ರಾಂಶುಪಾಲರ ಒಪ್ಪಿಗೆ, ಪೋಷಕರ ಸಹಿ, ಕಟ್ಟಡದಿಂದ ದೂರದ ಜಾಗ: ಇಷ್ಟು ಮೊದಲು ಆಗಬೇಕು. ಮುಂದಿನ ಪ್ರಶ್ನೆ ಸಮಯದ್ದು. ಇಡೀ ಬ್ರಿಸ್ಕೆಟ್‌ಗೆ ಹತ್ತು ಹನ್ನೆರಡು ಗಂಟೆ ಬೇಕು, ಬೆಲೆಯೂ ಹೆಚ್ಚು. ಅದರಿಂದಲೇ ಶುರುಮಾಡುವ ಕ್ಲಬ್ಬು ಬೇಗ ದಣಿಯುತ್ತದೆ. ಶಾಲೆ ಬಿಟ್ಟ ಮೇಲಿನ ಎರಡು ಮೂರು ಗಂಟೆಗೆ ಕೋಳಿತೊಡೆ ಸರಿ, ಪಕ್ಕೆಲುಬು ಶನಿವಾರಕ್ಕಿರಲಿ. ಸಸ್ಯಾಹಾರಿ ಮಕ್ಕಳಿರುತ್ತಾರೆ, ದನ ಅಥವಾ ಹಂದಿ ಮುಟ್ಟದವರಿರುತ್ತಾರೆ. ಅಲ್ಲಿ ನೆಲೆಸಿದ ಕನ್ನಡದ ಮನೆಗಳ ಮಕ್ಕಳೂ ಇವರಲ್ಲಿರಬಹುದು. ಅವರ ಜೋಳದ ತೆನೆಗೂ ಪನೀರಿಗೂ ಬೇರೆ ಒಲೆ, ಬೇರೆ ಇಕ್ಕಳ ಮೊದಲ ದಿನದಿಂದಲೇ ಇರಬೇಕು. ಯಾರೂ ಕೇಳಿಕೊಳ್ಳುವ ಹಾಗಾಗಬಾರದು.

ಚಳಿಗಿಂತ ದೊಡ್ಡ ಶತ್ರು ಗಾಳಿ. ಹೊಗೆಯಲ್ಲಿ ಬೇಯಿಸುವ ತೆಳು ತಗಡಿನ ಒಲೆಯಾದ ಸ್ಮೋಕರ್‌ನಿಂದ ಬಿಸಿಯನ್ನು ಸೆಳೆದೊಯ್ಯುವುದು ಅದೇ. 1952ರಲ್ಲಿ ಶಿಕಾಗೊ ಬಳಿಯ ಜಾರ್ಜ್ ಸ್ಟೀಫನ್ ಲೋಹದ ತೇಲುಬುರುಡೆಯನ್ನು ಎರಡು ಹೋಳು ಮಾಡಿ ಮುಚ್ಚಳವಿರುವ ದುಂಡು ಒಲೆ ಕಟ್ಟಿದ್ದೂ ಗಾಳಿಯ ಕಾಟ ತಾಳಲಾರದೆ; ವೆಬರ್ ಕೆಟಲ್ ಎಂಬ ಒಲೆ ಹುಟ್ಟಿದ್ದು ಹಾಗೆ. ಹಿಮ ಗುಡಿಸಿ, ಗಾಳಿಗೆ ಅಡ್ಡವಾಗಿ ಬೆಂಕಿ ಹಿಡಿಯದ ಮರೆ ಕಟ್ಟಿ. ಎಷ್ಟೇ ಕೊರೆದರೂ ಒಲೆಯನ್ನು ಗ್ಯಾರೇಜಿನೊಳಗೆ ಎಳೆಯಬೇಡಿ. ಇದ್ದಿಲು ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಾಗಿಲು ತೆರೆದಿಟ್ಟರೂ ಅದು ಪ್ರಾಣ ತೆಗೆಯಬಲ್ಲದು.

ಸ್ಮೋಕರಿನೊಳಗೆ 107ರಿಂದ 121 ಡಿಗ್ರಿ ಸೆಲ್ಸಿಯಸ್ ನಿಲ್ಲಬೇಕು. ಚಳಿಯಲ್ಲಿ ಇದಕ್ಕೆ ಇದ್ದಿಲು ಹೆಚ್ಚು ಬೇಕು, ಒಲೆ ಕಾಯಲು ಸಮಯವೂ ಹೆಚ್ಚು. ಒಳಗಿನ ನೀರಿನ ತಟ್ಟೆಗೆ ಬಿಸಿನೀರನ್ನೇ ಸುರಿಯಿರಿ. ತಣ್ಣೀರು ಹಾಕಿದರೆ ಕೆಂಡದ ಶಕ್ತಿಯೆಲ್ಲ ಅದನ್ನು ಕಾಯಿಸುವುದಕ್ಕೇ ಹೋಗುತ್ತದೆ. ಕಟ್ಟಿಗೆ, ಮರದ ಪುಡಿಯ ಪೆಲೆಟ್ ಒಣಗಿರಲಿ. ಮುಚ್ಚಳ ಎತ್ತಿ ಇಣುಕುವ ಚಪಲವನ್ನು ಹುಡುಗರು ಬಿಡಲೇಬೇಕು. ತಂತಿಯಿರುವ ಥರ್ಮಾಮೀಟರ್ ಅದಕ್ಕಾಗಿಯೇ ಇದೆ. ಹಿಮದಲ್ಲಿ ಸಾದಾ ಬ್ಯಾಟರಿ ಸೊರಗುತ್ತದೆ, ಲಿಥಿಯಂ ಬ್ಯಾಟರಿ ತಡೆಯುತ್ತದೆ.

ದೊಡ್ಡ ತುಂಡು ಬೇಯುವಾಗ 65ರಿಂದ 75 ಡಿಗ್ರಿಯ ಆಸುಪಾಸಿನಲ್ಲಿ ಥರ್ಮಾಮೀಟರಿನ ಮುಳ್ಳು ಗಂಟೆಗಟ್ಟಲೆ ನಿಂತುಬಿಡುತ್ತದೆ. ಮಕ್ಕಳು ಗಾಬರಿಯಾಗಿ ಕೆಂಡ ಸುರಿಯುವುದು ಆಗಲೇ. ನಮ್ಮ ಮೈ ಬೆವರಿ ತಣ್ಣಗಾಗುವಂತೆ ಮಾಂಸದ ಮೇಲಿನ ತೇವವೂ ಆವಿಯಾಗುತ್ತ ಒಲೆಯ ಬಿಸಿಯನ್ನು ಸರಿಗಟ್ಟುತ್ತಿರುತ್ತದೆ. ಭೌತವಿಜ್ಞಾನಿ ಗ್ರೆಗ್ ಬ್ಲಾಂಡರ್ ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ಕಾಯಬಹುದು, ಇಲ್ಲವೇ ದಪ್ಪ ಕಾಗದದಲ್ಲೋ ಫಾಯಿಲ್‌ನಲ್ಲೋ ಸುತ್ತಿ ಆವಿಯನ್ನು ತಡೆಯಬಹುದು. ಗಟ್ಟಿ ಕೊಲ್ಯಾಜನ್ ಕರಗಿ ಜೆಲಾಟಿನ್ ಆಗಿ ಬ್ರಿಸ್ಕೆಟ್ ಮೆತ್ತಗಾಗುವುದು 95 ಡಿಗ್ರಿಯ ಹೊತ್ತಿಗೆ. ರಸಾಯನಶಾಸ್ತ್ರದ ಪಾಠಕ್ಕೆ ಇಷ್ಟು ರುಚಿಯಾದ ಉದಾಹರಣೆ ಬೇರೆಲ್ಲಿ ಸಿಕ್ಕೀತು!

ಬೆಂದಿದೆಯೋ ಇಲ್ಲವೋ ಹೇಳಬೇಕಾದ್ದು ಬಣ್ಣವಲ್ಲ, ಥರ್ಮಾಮೀಟರ್. ಹೊಗೆ ತಾಗಿದ ಮಾಂಸ ಬೆಂದ ಮೇಲೂ ಗುಲಾಬಿಯಾಗಿಯೇ ಇರಬಲ್ಲದು. ಕೋಳಿಗೆ 74 ಡಿಗ್ರಿ ಕಡ್ಡಾಯ. ಹಸಿ ಮಾಂಸದ ಹಲಗೆ, ಚಾಕು ಬೇಯಿಸಿದ್ದನ್ನು ಮುಟ್ಟಕೂಡದು. ಬೆಂದದ್ದನ್ನು ಬಡಿಸುವವರೆಗೆ 60 ಡಿಗ್ರಿಗಿಂತ ಮೇಲೆ ಇಡಬೇಕು. ಟವೆಲ್ ಸುತ್ತಿ ಐಸ್ ಇಲ್ಲದ ಐಸ್‌ಬಾಕ್ಸಿನಲ್ಲಿಟ್ಟರೆ ಬಿಸಿ ಬಹಳ ಹೊತ್ತು ನಿಲ್ಲುತ್ತದೆ.

ಕೆಲಸ ಹಂಚಿಕೊಳ್ಳಿ: ಒಬ್ಬರು ಬೆಂಕಿಗೆ, ಒಬ್ಬರು ಮಾಂಸಕ್ಕೆ, ಒಬ್ಬರು ದಾಖಲೆ ಪುಸ್ತಕಕ್ಕೆ. ಹೊರಗಿನ ತಾಪ, ಗಾಳಿ, ಒಲೆಯ ತಾಪ, ಮಾಂಸದ ತಾಪ, ಹಾಕಿದ ಇದ್ದಿಲು ಎಲ್ಲ ಅರ್ಧ ಗಂಟೆಗೊಮ್ಮೆ ಅದರಲ್ಲಿ ಬರೆಯಬೇಕು. ಮುಂದಿನ ಜನವರಿಗೆ ಎಷ್ಟು ಮೂಟೆ ಇದ್ದಿಲು ತರಬೇಕೆಂದು ಹೇಳುವುದು ಈ ಪುಸ್ತಕವೇ. ಕೊನೆಯ ಪಾಳಿ ಬೂದಿಯದು. ತಣ್ಣಗೆ ಕಂಡರೂ ಒಳಗಿನ ಕಿಡಿ ಮರುದಿನದವರೆಗೂ ಉಳಿದಿರಬಹುದು. ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ತುಂಬಿ, ಮರದ ಅಟ್ಟಣೆಯಿಂದ ದೂರವಿಟ್ಟು ಮನೆಗೆ ಹೊರಡಿ.